ಬ್ರೆಡ್ ಪುಡಿಯ ಅಂಗಿ ತೊಟ್ಟ ಮೀನು

ಬೆಂಗಳೂರಿನ ಯಾವುದೇ ದೊಡ್ಡ ದಿನಸಿ ಮಳಿಗೆಯನ್ನು ಹೊಕ್ಕರೂ ಅದರ ಕೊನೆಯ ಸಾಲಿನಲ್ಲಿ, ಐಸ್‌ಕ್ರೀಮಿನ ಡಬ್ಬಿಗಳಿಗೂ ಹಸಿರು ಬಟಾಣಿಯ ಚೀಲಗಳಿಗೂ ನಡುವೆ, ಕೆಲವು ಬಣ್ಣದ ರಟ್ಟಿನ ಪೊಟ್ಟಣಗಳು ಕಣ್ಣಿಗೆ ಬೀಳುತ್ತವೆ. ಪೊಟ್ಟಣದ ಮೇಲೆ ಹೊಂಬಣ್ಣಕ್ಕೆ ಕರಿದ ಒಂದು ತುಂಡು, ಪಕ್ಕದಲ್ಲಿ ನಿಂಬೆಯ ಹೋಳು, ಯಾವುದೋ ಸೊಪ್ಪಿನ ಒಂದೆಲೆ. ಒಳಗಿರುವುದು ಮೀನು ಎಂದು ಆ ಚಿತ್ರವನ್ನು ನೋಡಿ ಹೇಳುವಂತಿಲ್ಲ. ಆಲೂಗಡ್ಡೆಯ ಕಟ್ಲೆಟ್ ಎಂದರೂ ನಂಬಬಹುದು. ಮೂಲೆಯಲ್ಲಿರುವ ಕಂದು ತ್ರಿಕೋನವನ್ನು ಗಮನಿಸಿದಾಗಲೇ ಇದು ಮಾಂಸಾಹಾರವೆಂದು ತಿಳಿಯುವುದು. ತಲೆ, ಬಾಲ, ಮುಳ್ಳು, ಹುರುಪೆ, ವಾಸನೆ ಈ ಐದನ್ನೂ ಕಳೆದುಕೊಂಡು ಬ್ರೆಡ್ ಪುಡಿಯ ಅಂಗಿಯನ್ನು ತೊಟ್ಟು ಮಲಗಿರುವ ಈ ಮೀನನ್ನು ಕಳೆದ ಕೆಲವು ತಿಂಗಳುಗಳಲ್ಲಿ ನಾನು ಮೂರು ನಾಲ್ಕು ಬಾರಿ ಕೊಂಡಿದ್ದೇನೆ, ತಿಂದಿದ್ದೇನೆ, ತೂಗಿಯೂ ನೋಡಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳನ್ನು ನೋಡಿದವನಿಗೆ ಒಂದು ಪೊಟ್ಟಣವನ್ನೂ ಕಡತದಂತೆಯೇ ಓದುವ ಚಾಳಿ ಅಂಟಿಕೊಂಡಿರುತ್ತದೆ. ಆ ಓದಿನಿಂದ ದೊರೆತ ಕೆಲವು ಸಂಗತಿಗಳನ್ನು ಓದುಗರ ಮುಂದಿಡಬೇಕೆನಿಸಿದೆ.

ಮೊದಲಿಗೆ ಈ ಖರೀದಿಯ ಹಿನ್ನೆಲೆಯನ್ನು ಹೇಳಬೇಕು. ನಾನು ಮಂಡ್ಯದ ಕಡೆಯವನು. ನಮಗೆ ಮೀನೆಂದರೆ ಕೆರೆಯ ಮೀನು, ಮುದ್ದೆಯ ಜೊತೆ ಅದರ ಸಾರು. ನನ್ನ ಪತ್ನಿ ಕುಂದಾಪುರದ ಕಡೆಯವಳು. ಬಂಗುಡೆ, ಬೂತಾಯಿ, ಕಾಣೆ, ಅಂಜಲ್‌ಗಳ ನಡುವೆ ಬೆಳೆದವಳು. ಮದುವೆಯಾಗಿ ಮೂವತ್ತೆಂಟು ವರ್ಷಗಳಲ್ಲಿ ನಮ್ಮ ಮನೆಗೆ ಬಂದ ಪ್ರತಿಯೊಂದು ಮೀನನ್ನೂ ಹೆರೆದು, ಕೊಯ್ದು, ತೊಳೆದವಳು ಅವಳೇ. ಎರಡು ವರ್ಷಗಳಿಂದ ಅವಳ ಬೆರಳ ಸಂದುಗಳಿಗೆ ವಾತ ಹಿಡಿದಿದೆ. ಬೆಳಗಿನ ಹೊತ್ತು ಲೋಟವನ್ನು ಹಿಡಿಯುವುದೂ ಕಷ್ಟ. ಬಂಗುಡೆಯ ಹೊಟ್ಟೆಯನ್ನು ಬಗೆಯುವ ಮಾತಂತೂ ದೂರವೇ ಉಳಿಯಿತು. ನಾನು ಮಾಡುತ್ತೇನೆಂದರೆ ಅವಳು ಒಪ್ಪುವುದಿಲ್ಲ. ಒಮ್ಮೆ ಒಪ್ಪಿ, ನಾನು ಹೆರೆದ ಮೀನನ್ನು ನೋಡಿ, ಮತ್ತೊಮ್ಮೆ ಒಪ್ಪಲಿಲ್ಲ. ಹೀಗಾಗಿ ವಾರಕ್ಕೆರಡು ಬಾರಿ ಮೀನು ಬೇಯುತ್ತಿದ್ದ ಮನೆಯಲ್ಲಿ ತಿಂಗಳಿಗೊಮ್ಮೆಯೂ ಬೇಯದ ಸ್ಥಿತಿ ಬಂದಿತು. ಆಗ ಪೊಟ್ಟಣದ ಮೀನು ಮನೆಗೆ ಬಂದಿತು.

ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಪೊಟ್ಟಣದ ಮೇಲೆ ಬರೆದಿದ್ದಂತೆ ಕರಗಿಸದೆ ನೇರವಾಗಿ ಹಾಕಿ, ಎರಡೂ ಕಡೆ ಕೆಂಪಗಾದ ಮೇಲೆ ತೆಗೆದು ತಿಂದೆವು. ನ್ಯಾಯವಾಗಿ ಹೇಳಬೇಕೆಂದರೆ ಅದು ಕೆಟ್ಟದಾಗಿರಲಿಲ್ಲ. ಹೊರಗೆ ಗರಿಗರಿ, ಒಳಗೆ ಬೆಳ್ಳಗೆ ಮೃದು, ನಾಲಿಗೆಗೆ ಉಪ್ಪು ಮತ್ತು ಮೆಣಸಿನ ಸೂಕ್ಷ್ಮ ಸ್ಪರ್ಶ. ಒಂಬತ್ತು ವರ್ಷದ ಮೊಮ್ಮಗ ನಾಲ್ಕು ತುಂಡುಗಳನ್ನು ಮುಗಿಸಿ, ‘ತಾತ, ಇದರಲ್ಲಿ ಮುಳ್ಳೇ ಇಲ್ಲ’ ಎಂದು ಘೋಷಿಸಿದ. ನನ್ನ ಪತ್ನಿ ಒಂದು ತುಂಡನ್ನು ಎರಡಾಗಿ ಮುರಿದು, ಮೂಸಿ, ಸ್ವಲ್ಪ ಬಾಯಿಗೆ ಹಾಕಿಕೊಂಡು, ‘ಇದೆಂಥ ಮೀನು ಮಾರಾಯ್ರೇ?’ ಎಂದಳು. ಅದು ಟೀಕೆಯಲ್ಲ, ನಿಜವಾದ ಪ್ರಶ್ನೆ. ಮಸಾಲೆಯಲ್ಲಿ ಮುಳುಗಿದ್ದರೂ ಅಂಜಲ್ಲನ್ನೂ ಮಾಂಜಿಯನ್ನೂ ಬೇರ್ಪಡಿಸಿ ಹೇಳಬಲ್ಲವಳಿಗೆ ಇದು ಯಾವ ಮೀನೆಂದು ಗೊತ್ತಾಗಲಿಲ್ಲ. ಉತ್ತರಕ್ಕಾಗಿ ನಾನು ಪೊಟ್ಟಣವನ್ನು ತಿರುಗಿಸಿ ಓದಬೇಕಾಯಿತು.

ಅಕ್ಷರಗಳು ಎಷ್ಟು ಚಿಕ್ಕವೆಂದರೆ ಭೂತಗನ್ನಡಿ ಬೇಕಾಗುತ್ತದೆ. ಕನ್ನಡದಲ್ಲಂತೂ ಏನೂ ಇರಲಿಲ್ಲ. ಆಹಾರ ಪೊಟ್ಟಣಗಳ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಆಹಾರ ಕಾನೂನಿಗೆ ಸಾಕು. ಪದಾರ್ಥಗಳನ್ನು ಮಾತ್ರ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ನನ್ನ ಕೈಯಲ್ಲಿದ್ದ ಪೊಟ್ಟಣದಲ್ಲಿ ಮೊದಲು ಬಾಸಾ ಮೀನು, ಶೇ 55. ಅನಂತರ ಬ್ರೆಡ್ ಪುಡಿ, ತಾಳೆ ಎಣ್ಣೆ, ನೀರು, ಗೋಧಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಉಪ್ಪು, ಮಸಾಲೆ. ಆಮೇಲೆ 451, 415, 500 ಎಂಬ ಅಂಕಿಗಳು. ಈ ಅಂಕಿಗಳನ್ನು ಕಂಡು ಹೆದರುವವರಿದ್ದಾರೆ. ಹೆದರಬೇಕಾದ್ದೇನೂ ಇಲ್ಲ. 500 ಎಂದರೆ ಅಡುಗೆ ಸೋಡಾದ ವರ್ಗ. 415 ಎಂಬುದು ಹಿಟ್ಟು ಮೀನಿಗೆ ಅಂಟಿಕೊಳ್ಳುವಂತೆ ಮಾಡುವ ಒಂದು ಗೋಂದು. 451 ಎಂಬುದು ಫಾಸ್ಫೇಟ್ ಲವಣ. ಹೆಪ್ಪುಗಟ್ಟಿಸಿದ ಮೀನಿನ ಮಾಂಸ ತನ್ನ ನೀರನ್ನು ಬಿಟ್ಟುಕೊಡದಂತೆ ತಡೆಯುವುದು ಅದರ ಕೆಲಸ. ಮಿತಿಯಲ್ಲಿದ್ದರೆ ಅದು ಉಪಕಾರಿ. ಮಿತಿ ಮೀರಿದರೆ ಮೀನಿನ ಬೆಲೆಗೆ ನೀರನ್ನು ಮಾರುವ ಉಪಾಯ. ಹಾಲಿಗೆ ನೀರು ಬೆರೆಸುವವನನ್ನು ಊರೆಲ್ಲ ಬಯ್ಯುತ್ತದೆ. ಮೀನಿನೊಳಗೆ ನೀರು ನಿಲ್ಲಿಸುವುದಕ್ಕೆ ಒಂದು ಸಂಖ್ಯೆ ಇದೆ, ಅಷ್ಟೇ.

ಶೇ 55 ಎಂಬುದನ್ನು ನಂಬಬಹುದೇ? ಈ ಬಗೆಯ ಮೀನಿಗಾಗಿಯೇ ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗವು 1989ರಲ್ಲಿ ಒಂದು ಮಾನದಂಡವನ್ನು ಹೊರತಂದಿದೆ. ಅದರ ಸಂಖ್ಯೆ 166. ಒಳಗಿನ ಮೀನಿನ ಅಂಶವನ್ನು ಪ್ರಯೋಗಾಲಯಗಳಲ್ಲಿ ಅಳೆಯುವ ವಿಧಾನ ಆಶ್ಚರ್ಯವೆನಿಸುವಷ್ಟು ಸರಳವಾದುದು: ಹೆಪ್ಪುಗಟ್ಟಿದ ತುಂಡನ್ನು ತೂಗಿ, ಸ್ವಲ್ಪ ಹೊತ್ತು ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲ್ಲೇಪವನ್ನು ಕೆರೆದು ತೆಗೆದು, ಉಳಿದ ಮೀನನ್ನು ಮತ್ತೆ ತೂಗುವುದು. ಇದಕ್ಕೆ ವಿಜ್ಞಾನಿಯೇ ಆಗಬೇಕಿಲ್ಲ. ಸೊಸೆ ಕೇಕ್ ಮಾಡಲೆಂದು ತಂದಿಟ್ಟಿದ್ದ ಸಣ್ಣ ಡಿಜಿಟಲ್ ತಕ್ಕಡಿಯನ್ನು ತೆಗೆದುಕೊಂಡು ನಾನೇ ಮಾಡಿದೆ. ಮೂರು ತುಂಡುಗಳ ಒಟ್ಟು ತೂಕ 151 ಗ್ರಾಂ. ಕೆರೆದು, ಬಟ್ಟೆಯಿಂದ ಒತ್ತಿದ ಮೇಲೆ ಉಳಿದದ್ದು 79 ಗ್ರಾಂ. ಎಂದರೆ ಶೇ 52ಕ್ಕೆ ಸ್ವಲ್ಪ ಮೇಲೆ. ಅಡುಗೆಮನೆಯ ತಕ್ಕಡಿ ಮತ್ತು ನನ್ನ ಕೈಚಳಕ ಎರಡಕ್ಕೂ ರಿಯಾಯಿತಿ ಕೊಟ್ಟರೆ ತಯಾರಕರು ಸುಳ್ಳು ಹೇಳಿಲ್ಲ ಎಂದೇ ತೀರ್ಪು ಕೊಡಬೇಕು. ಮಿಕ್ಕ ಸುಮಾರು ಅರ್ಧ ತೂಕ ಹಿಟ್ಟು, ಎಣ್ಣೆ, ನೀರು.

ಇನ್ನು ಬೆಲೆಯ ವಿಚಾರ. ಆರು ತುಂಡುಗಳ 300 ಗ್ರಾಂ ಪೊಟ್ಟಣಕ್ಕೆ ನಾನು ಕೊಟ್ಟದ್ದು 330 ರೂಪಾಯಿ. ಅದರಲ್ಲಿರುವ ಮೀನು, ಅವರದೇ ಲೆಕ್ಕದಂತೆ, 165 ಗ್ರಾಂ. ಮೇಲಿನ ಹಿಟ್ಟಿಗೆ ಬೆಲೆಯೇ ಇಲ್ಲವೆಂದು ಭಾವಿಸಿದರೆ ಮೀನಿನ ಬೆಲೆ ಕಿಲೋಗೆ 2,000 ರೂಪಾಯಿ ಆಯಿತು. ಅದೇ ಫ್ರೀಜರಿನಲ್ಲಿ, ಎರಡು ಅಡಿ ಆಚೆಗೆ, ಹಿಟ್ಟು ಸವರದ ಅದೇ ಬಾಸಾ ಮೀನಿನ ಅರ್ಧ ಕಿಲೋ ಚೀಲ 240 ರೂಪಾಯಿಗೆ, ಎಂದರೆ ಕಿಲೋಗೆ 480ಕ್ಕೆ, ಸಿಗುತ್ತಿತ್ತು. ಎರಡು ಅಡಿಗಳ ಅಂತರದಲ್ಲಿ ಬೆಲೆ ನಾಲ್ಕು ಪಟ್ಟು! ಅಂಜಲ್ ಮೀನಿನ ಬೆಲೆ ಕೇಳಿ ‘ಮುಂದಿನ ವಾರ ನೋಡೋಣ’ ಎಂದು ಹಿಂದಿರುಗುವ ಮಧ್ಯಮ ವರ್ಗ ಅದಕ್ಕಿಂತಲೂ ದುಬಾರಿಯಾದ ಸಪ್ಪೆ ಮೀನನ್ನು ಯೋಚಿಸದೆ ಬುಟ್ಟಿಗೆ ಹಾಕಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೆದಿರುವುದು 330 ಮಾತ್ರ. 2,000 ಎಲ್ಲಿಯೂ ಬರೆದಿಲ್ಲ.

ಹಾಗೆಂದು ಇದನ್ನು ಬರೀ ಸುಲಿಗೆ ಎನ್ನುವುದು ಅರ್ಥಶಾಸ್ತ್ರ ಓದಿದವನಿಗೆ ಒಪ್ಪುವ ಮಾತಲ್ಲ. ಆ ನಾಲ್ಕು ಪಟ್ಟಿನಲ್ಲಿ ಏನಿದೆ ಎಂದು ಕೇಳಬೇಕು. ಕಾರ್ಖಾನೆಯಿಂದ ಅಂಗಡಿಯವರೆಗೆ ಮೈನಸ್ 18 ಡಿಗ್ರಿಯನ್ನು ಕಾಯ್ದುಕೊಳ್ಳುವ ಲಾರಿ, ಗೋದಾಮು, ವಿದ್ಯುತ್ತು ಇವೆ; ಜಾಹೀರಾತು ಇದೆ; ಅಂಗಡಿಯವರ ಪಾಲು ಇದೆ. ಇವೆಲ್ಲವುಗಳ ಜೊತೆಗೆ, ನನ್ನ ಪತ್ನಿ ಮೂವತ್ತೆಂಟು ವರ್ಷ ಮಾಡಿದ ಕೆಲಸದ ಕೂಲಿಯೂ ಇದೆ. ಅರ್ಥಶಾಸ್ತ್ರಜ್ಞ ಪಿಗೂ 1920ರ ತನ್ನ ಗ್ರಂಥದಲ್ಲಿ ಎತ್ತಿದ ಒಂದು ವಿಚಿತ್ರ ನಮಗೆ ಎಂ.ಎ. ತರಗತಿಯಲ್ಲಿ ನಗೆಯ ವಸ್ತುವಾಗಿತ್ತು: ಒಬ್ಬಾತ ತನ್ನ ಮನೆಗೆಲಸದಾಕೆಯನ್ನು ಮದುವೆಯಾದರೆ ದೇಶದ ಆದಾಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಏಕೆಂದರೆ ಅದೇ ಕೆಲಸಕ್ಕೆ ಇನ್ನು ಸಂಬಳವಿಲ್ಲ. ಮೀನು ಹೆರೆಯುವ ಕೆಲಸ ನಮ್ಮ ಮನೆಯ ಬಚ್ಚಲ ಕಟ್ಟೆಯ ಮೇಲೆ ನಡೆದಾಗ ಅದು ಯಾವ ಲೆಕ್ಕಕ್ಕೂ ಸೇರಲಿಲ್ಲ. ಕಾರ್ಖಾನೆಯಲ್ಲಿ ನಡೆದಾಗ ಅದು ‘ಮೌಲ್ಯವರ್ಧನೆ’ಯಾಗಿ ತೆರಿಗೆಗೂ ಒಳಪಟ್ಟಿತು. ಹಸಿ ಮೀನಿಗೆ ಜಿಎಸ್‌ಟಿ ಇಲ್ಲ. ಹೀಗೆ ಸಿದ್ಧಪಡಿಸಿದ ಮೀನಿಗೆ ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಈ ಲೆಕ್ಕವನ್ನು ನಾನು ವಿವರಿಸಿದಾಗ ಅವಳು ಕೇಳಿದ್ದು ಒಂದೇ: ‘ಹಾಗಾದರೆ ನನಗೆ ಬಾಕಿ ಎಷ್ಟು ಬರಬೇಕು?’

ಈ ಮೀನಿನ ಚರಿತ್ರೆ ಸ್ವಾರಸ್ಯಕರವಾಗಿದೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ 1912ರ ಸುಮಾರಿಗೆ ಉತ್ತರದ ಲ್ಯಾಬ್ರಡಾರ್ ಪ್ರದೇಶಕ್ಕೆ ಹೋಗಿದ್ದಾಗ ಅಲ್ಲಿನ ಇನ್ಯೂಟ್ ಜನರು ಕೊರೆವ ಗಾಳಿಯಲ್ಲಿ ಮೀನು ಹಿಡಿಯುವುದನ್ನು ಕಂಡ. ನೀರಿನಿಂದ ಮೇಲೆತ್ತಿದ ಮೀನು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟುತ್ತಿತ್ತು. ತಿಂಗಳುಗಳ ಮೇಲೆ ಕರಗಿಸಿ ಬೇಯಿಸಿದರೂ ಹೊಸದರಂತೆಯೇ ಇರುತ್ತಿತ್ತು. ಕಾರಣ ಸರಳ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಾಂಸದೊಳಗೆ ದೊಡ್ಡ ದೊಡ್ಡ ಹಿಮದ ಹರಳುಗಳು ಮೂಡಿ ಜೀವಕೋಶಗಳನ್ನು ಸೀಳುತ್ತವೆ. ವೇಗವಾಗಿ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವಾಗಿ ಕೋಶಗಳು ಉಳಿಯುತ್ತವೆ. ಅಂಗಡಿಯಿಂದ ತರುವಾಗ ಅರ್ಧ ಕರಗಿದ ಮೀನನ್ನು ಮನೆಯ ಫ್ರಿಜ್ಜಿನಲ್ಲಿ ಮತ್ತೆ ಹೆಪ್ಪುಗಟ್ಟಿಸಿದರೆ ಅದು ಹತ್ತಿಯಂತಾಗುವುದು ಇದೇ ಕಾರಣದಿಂದ. ಬೇಸಿಗೆಯಲ್ಲಿ ಗಂಟೆಗಟ್ಟಲೆ ವಿದ್ಯುತ್ ಹೋಗುವ ಊರುಗಳಲ್ಲಿ ಈ ವ್ಯಾಪಾರ ಬೇರೂರದಿರುವುದಕ್ಕೂ ಇದೇ ಕಾರಣ. ಬರ್ಡ್ಸ್‌ಐ ಹಿಂದಿರುಗಿ, ತಣ್ಣನೆಯ ಲೋಹದ ಪಟ್ಟಿಗಳ ನಡುವೆ ಆಹಾರವನ್ನು ಒತ್ತಿ ಹೆಪ್ಪುಗಟ್ಟಿಸುವ ಯಂತ್ರವನ್ನು ರೂಪಿಸಿ, 1929ರಲ್ಲಿ ತನ್ನ ಉದ್ಯಮವನ್ನು 2 ಕೋಟಿ 20 ಲಕ್ಷ ಡಾಲರುಗಳಿಗೆ ಮಾರಿದ.

ಎರಡನೆಯ ಮಹಾಯುದ್ಧದ ಅನಂತರ ಹಡಗುಗಳು ದೊಡ್ಡವಾದವು, ಬಲೆಗಳು ಬಲವಾದವು. ಹಿಡಿದ ಮೀನಿನ ಮಾಂಸವನ್ನು ದೊಡ್ಡ ಇಟ್ಟಿಗೆಗಳಂತೆ ಹೆಪ್ಪುಗಟ್ಟಿಸಿ ತರಲಾಗುತ್ತಿತ್ತು. ತೊಡಕೆಂದರೆ ಕೊಳ್ಳುವವರು ಸಾಕಷ್ಟಿರಲಿಲ್ಲ. ಅಮೆರಿಕದ ಗೃಹಿಣಿಗೆ ಮೀನಿನ ವಾಸನೆಯೂ ಬೇಡ, ಅದನ್ನು ಸ್ವಚ್ಛಗೊಳಿಸುವ ಕೆಲಸವೂ ಬೇಡ. ಇಟ್ಟಿಗೆಯನ್ನು ಕರಗಿಸಿದರೆ ಮೀನು ಚೂರುಚೂರಾಗುತ್ತಿತ್ತು. ಕರಗಿಸದೆಯೇ ಗರಗಸದಿಂದ ಕೊಯ್ದು, ಹಿಟ್ಟಿನಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಮೇಲಿನ ಪದರ ಗಟ್ಟಿಯಾಗುವಷ್ಟು ಮಾತ್ರ ಎಣ್ಣೆಯಲ್ಲಿ ಮುಳುಗಿಸಿ ಮತ್ತೆ ಹೆಪ್ಪುಗಟ್ಟಿಸುವ ಉಪಾಯವನ್ನು ಆಗ ಕಂಡುಕೊಂಡರು. 1953ರಲ್ಲಿ ‘ಫಿಶ್ ಸ್ಟಿಕ್’ ಮಾರುಕಟ್ಟೆಗೆ ಬಂದಿತು. ಬೇಡಿಕೆ ಇದ್ದು ವಸ್ತು ಹುಟ್ಟಲಿಲ್ಲ. ವಸ್ತು ರಾಶಿ ಬಿದ್ದಿತ್ತು, ಅದಕ್ಕೆ ಬೇಡಿಕೆಯನ್ನು ಕರಿದು ತೆಗೆದರು.

ಎರಡು ವರ್ಷಗಳ ಅನಂತರ, 1955ರಲ್ಲಿ, ಇಂಗ್ಲೆಂಡಿನಲ್ಲಿ ನಡೆದ ಸಂಗತಿಯಂತೂ ನಮ್ಮ ಕರಾವಳಿಯವರು ತಿಳಿಯಲೇಬೇಕಾದದ್ದು. ಅಲ್ಲಿನ ಗ್ರೇಟ್ ಯಾರ್ಮತ್ ಎಂಬುದು ಹೆರಿಂಗ್ ಮೀನಿಗೆ ಹೆಸರಾದ ಬಂದರು. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ಹತ್ತಿರದ ನೆಂಟ. ಅಗ್ಗ, ಯಥೇಚ್ಛ, ಎಣ್ಣೆಯಂಶ ತುಂಬಿದ್ದು, ವಾಸನೆ ಮುಳ್ಳು ಎರಡೂ ಉಳ್ಳದ್ದು. ಅಲ್ಲಿನ ಕಾರ್ಖಾನೆಯವರು ಹೆರಿಂಗಿನಿಂದಲೇ ಇಂಥ ಕಡ್ಡಿಗಳನ್ನು ಮಾಡಿ, ಹೋಲಿಕೆಗೆಂದು ಸಪ್ಪೆ ರುಚಿಯ ಕಾಡ್ ಮೀನಿನ ಕಡ್ಡಿಗಳನ್ನೂ ಜೊತೆಗಿಟ್ಟು ಜನರಿಗೆ ಕೊಟ್ಟು ನೋಡಿದರು. ಜನ ಆರಿಸಿದ್ದು ಕಾಡ್. ರುಚಿಯಿದ್ದದ್ದು ಸೋತಿತು, ಯಾವ ರುಚಿಯೂ ಇಲ್ಲದ್ದು ಗೆದ್ದಿತು. ಆ ಗೆಲುವು ಕಾಡ್ ಮೀನಿಗೆ ಒಳ್ಳೆಯದನ್ನೇನೂ ಮಾಡಲಿಲ್ಲ. ಅಟ್ಲಾಂಟಿಕ್ಕಿನ ಎರಡೂ ದಡಗಳ ಹಸಿವಿಗೆ ಗುರಿಯಾಗಿ, ಶತಮಾನಗಳಿಂದ ಮುಗಿಯದ ನಿಧಿಯೆಂದು ತಿಳಿದಿದ್ದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಸಂತತಿ ಕುಸಿದು, 1992ರ ಜುಲೈಯಲ್ಲಿ ಕೆನಡಾ ಸರ್ಕಾರ ಅದರ ಹಿಡಿಯುವಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಮಂದಿ ಒಂದೇ ಆಜ್ಞೆಯಲ್ಲಿ ಕೆಲಸ ಕಳೆದುಕೊಂಡರು. ಪೊಟ್ಟಣದ ಒಳಗಿನ ಜಾಗಕ್ಕೆ ಅಲಾಸ್ಕಾದ ಪೊಲಾಕ್ ಎಂಬ ಇನ್ನೊಂದು ಬಿಳಿ ಮೀನು ಬಂದಿತು. ಪೊಟ್ಟಣದ ಚಿತ್ರ ಬದಲಾಗಬೇಕಾಗಲಿಲ್ಲ. ತಿನ್ನುವವರಲ್ಲಿ ಬಹುಪಾಲು ಮಂದಿಗೆ ವ್ಯತ್ಯಾಸವೂ ತಿಳಿದಿರಲಾರದು. ಆಕಾರವಿಲ್ಲದ ಮೀನಿನ ಅನುಕೂಲ ಇದೇ.

ನಮ್ಮ ಪೊಟ್ಟಣದ ಬಾಸಾ ಬಂದದ್ದು ಸಮುದ್ರದಿಂದಲ್ಲ. ವಿಯೆಟ್ನಾಮಿನ ಮೆಕಾಂಗ್ ನದಿಯ ಮುಖಜ ಭೂಮಿಯಲ್ಲಿ ಕೊಳಗಳಲ್ಲಿ ಸಾಕುವ, ನಮ್ಮ ಬಾಳೆ ಮೀನಿನಂತೆ ಮೀಸೆಯುಳ್ಳ, ಸಿಹಿನೀರಿನ ಮೀನು ಅದು. ಸೂಕ್ಷ್ಮವಾಗಿ ಹೇಳುವುದಾದರೆ ನಿಜವಾದ ಬಾಸಾ ಬೇರೆಯೇ ಒಂದು ಜಾತಿ. ಜಗತ್ತಿನಾದ್ಯಂತ ಆ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ಅದರ ಸೋದರ, ವಿಯೆಟ್ನಾಮಿನವರು ‘ಚಾ’ ಎನ್ನುವ ಮೀನು. ಇದು ಅಮೆರಿಕದ ಮಾರುಕಟ್ಟೆಯನ್ನು ಹೊಕ್ಕಾಗ ಅಲ್ಲಿನ ಸಾಕಣೆದಾರರು ಎಷ್ಟು ಕಂಗೆಟ್ಟರೆಂದರೆ, 2002ರಲ್ಲಿ ಅಮೆರಿಕದ ಸಂಸತ್ತು ತಮ್ಮ ದೇಶದ ಜಾತಿಯ ಹೊರತು ಬೇರಾವ ಮೀನನ್ನೂ ‘ಕ್ಯಾಟ್‌ಫಿಶ್’ ಎಂದು ಕರೆದು ಮಾರುವಂತಿಲ್ಲ ಎಂದು ಕಾನೂನನ್ನೇ ಮಾಡಿತು. ಮುಕ್ತ ವ್ಯಾಪಾರದ ಪಾಠವನ್ನು ಜಗತ್ತಿಗೆಲ್ಲ ಹೇಳಿದ ದೇಶ ಒಂದು ಮೀಸೆಯ ಮೀನಿನ ಮುಂದೆ ಹಾಗೆ ನಡೆದುಕೊಂಡಿತು! ಭಾರತಕ್ಕೆ ಇದರ ಮರಿಗಳು ತೊಂಬತ್ತರ ದಶಕದಲ್ಲಿ ಬಾಂಗ್ಲಾದೇಶದ ಮೂಲಕ ಪಶ್ಚಿಮ ಬಂಗಾಳಕ್ಕೆ ಬಂದವು. ಅಲ್ಲಿಂದ ಆಂಧ್ರದ ಕೊಳಗಳಿಗೆ ಇಳಿದವು. ಬೇಗ ಬೆಳೆಯುತ್ತದೆ, ಒತ್ತೊತ್ತಾಗಿ ಸಾಕಿದರೂ ಸಾಯುವುದಿಲ್ಲ, ಮುಳ್ಳು ಬಿಡಿಸುವುದು ಸುಲಭ. ಪ್ರೋಟೀನಿದೆ, ಆದರೆ ಹೃದಯಕ್ಕೆ ಹಿತವೆಂದು ವೈದ್ಯರು ಹೇಳುವ ಒಮೆಗಾ-3 ಕೊಬ್ಬು ಬೂತಾಯಿ, ಬಂಗುಡೆಗಳಲ್ಲಿರುವಷ್ಟಿಲ್ಲ, ಬಹಳ ಕಡಿಮೆ. ಹೃದಯದ ಆರೋಗ್ಯಕ್ಕೆಂದು ಮೀನು ತಿನ್ನುವವರು ತಾಳೆ ಎಣ್ಣೆಯಲ್ಲಿ ಒಮ್ಮೆ ಕರಿದ ಇದನ್ನು ಮನೆಯಲ್ಲಿ ಇನ್ನೊಮ್ಮೆ ಕರಿದು ತಿಂದರೆ ಯಾವ ಪುರುಷಾರ್ಥ ಸಾಧಿಸಿದಂತಾಯಿತು?

ಹಾಗಾದರೆ ಬೂತಾಯಿಯನ್ನೇ ಹೀಗೆ ಮಾಡಿ ಮಾರಬಾರದೇಕೆ ಎಂದು ಕೇಳಬಹುದು. ಎಣ್ಣೆಯಂಶದ ಮೀನು ಫ್ರೀಜರಿನಲ್ಲಿಯೂ ಬಹುಕಾಲ ನಿಲ್ಲುವುದಿಲ್ಲ. ಆ ಕೊಬ್ಬು ಗಾಳಿಯೊಡನೆ ಸೇರಿ ಕಮಟು ವಾಸನೆ ಹಿಡಿಯುತ್ತದೆ. ಮುಳ್ಳು ಬಿಡಿಸುವುದೂ ಕಷ್ಟ. ಬಿಳಿ ಮೀನು ಗೆದ್ದದ್ದು ನಾಲಿಗೆಯ ಕಾರಣದಿಂದ ಮಾತ್ರವಲ್ಲ, ರಸಾಯನಶಾಸ್ತ್ರದ ಕಾರಣದಿಂದಲೂ ಹೌದು. ಆದರೆ ಇದರಿಂದ ನಮ್ಮ ಕರಾವಳಿಯಲ್ಲಿ ಏನಾಗಿದೆ ಎಂಬುದನ್ನು ನೋಡಬೇಕು.

ಎಂಬತ್ತರ ದಶಕದ ಕೊನೆಯಲ್ಲಿ ಕರಾವಳಿಯ ಉಪವಿಭಾಗವೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೆ. ರಂಪಣಿ ಬಲೆಯ ದಿನಗಳು ಆಗಲೇ ಮುಗಿದಿದ್ದವು, ಆದರೆ ಅದರ ನೆನಪು ಅರ್ಜಿಗಳಲ್ಲಿ ಇನ್ನೂ ಹಸಿಯಾಗಿತ್ತು. ದಡದಿಂದ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ಆ ದೊಡ್ಡ ಬಲೆಯಲ್ಲಿ ಬಿದ್ದ ಬೂತಾಯಿ, ಬಂಗುಡೆಯಲ್ಲಿ ಹಗ್ಗಕ್ಕೆ ಕೈಹಚ್ಚಿದ ಪ್ರತಿಯೊಬ್ಬನಿಗೂ ಪಾಲಿತ್ತು. ಎಪ್ಪತ್ತರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯತೊಡಗಿದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿದ್ದಿತು. ಅದಕ್ಕೂ ಮೊದಲು, 1952ರಲ್ಲಿ ಆರಂಭವಾದ ಭಾರತ–ನಾರ್ವೆ ಯೋಜನೆ ಕೇರಳದಲ್ಲಿ ಬೀಜ ಬಿತ್ತಿ, ಅರವತ್ತರ ದಶಕದಲ್ಲಿ ಕಾರವಾರಕ್ಕೂ ಬಂದಿತ್ತು. ಬಡವರಿಗೆ ಅಗ್ಗದ ಪ್ರೋಟೀನ್ ಒದಗಿಸುವುದು ಅದರ ಘೋಷಿತ ಗುರಿ. ಮಂಜುಗಡ್ಡೆಯ ಸ್ಥಾವರ, ಶೈತ್ಯಾಗಾರ, ಯಾಂತ್ರೀಕೃತ ದೋಣಿ ಎಲ್ಲವೂ ಬಂದವು. ಆದರೆ ಶೈತ್ಯಾಗಾರ ಬಂದ ಮೇಲೆ ಲಾಭವಿದ್ದದ್ದು ಬಡವನ ಬೂತಾಯಿಯಲ್ಲಲ್ಲ, ಅಮೆರಿಕ ಮತ್ತು ಜಪಾನಿಗೆ ಹೋಗುವ ಸಿಗಡಿಯಲ್ಲಿ. ಫ್ರೀಜರು ನಮ್ಮ ಕಡಲತೀರಕ್ಕೆ ಬಂದದ್ದು ನಮ್ಮ ತಟ್ಟೆಗಾಗಿ; ದುಡಿದದ್ದು ಪರರ ತಟ್ಟೆಗಾಗಿ. ಈಗ ಅರ್ಧ ಶತಮಾನದ ಮೇಲೆ ಫ್ರೀಜರು ನಮ್ಮ ತಟ್ಟೆಗೂ ಬಂದಿದೆ. ಅದರೊಳಗೆ ನಮ್ಮ ಕಡಲಿನ ಮೀನಿಲ್ಲ.

ನಮ್ಮ ಕಡಲಿನ ಬೂತಾಯಿ ಎಲ್ಲಿಗೆ ಹೋಗುತ್ತದೆ? ತಾಜಾ ಮಾರಾಟವಾಗಿ ಉಳಿದದ್ದರಲ್ಲಿ ದೊಡ್ಡ ಪಾಲು ಕರಾವಳಿಯ ಮೀನುಹಿಟ್ಟಿನ ಮತ್ತು ಮೀನೆಣ್ಣೆಯ ಕಾರ್ಖಾನೆಗಳಿಗೆ. ಆ ಹಿಟ್ಟು ಕೋಳಿಗಳಿಗೂ ಸಾಕಿದ ಸಿಗಡಿ, ಮೀನುಗಳಿಗೂ ಆಹಾರವಾಗುತ್ತದೆ. ರುಚಿಯೂ ಸತ್ವವೂ ಉಳ್ಳ ಮೀನು ಮೇವಾಗಿ, ಎರಡೂ ಇಲ್ಲದ ಮೀನು ಊಟವಾಗುವ ಈ ಏರ್ಪಾಟನ್ನು ಮಾರುಕಟ್ಟೆಯ ವಿವೇಕ ಎಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗಿಲ್ಲ. ಬೂತಾಯಿ ಬೇರೆ ಚಂಚಲ ಸ್ವಭಾವದ ಮೀನು. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದಿತ್ತು. ಹೀಗೆ ಏರಿಳಿಯುವ ಸಂಪತ್ತನ್ನು ಮರಿಗಳ ಸಮೇತ ಹಿಟ್ಟಿನ ಗಿರಣಿಗೆ ಸುರಿಯಬಾರದೆಂದು ಮೀನುಗಾರಿಕಾ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ.

ಬೆಂಗಳೂರಿನಲ್ಲಿ ಈ ಪೊಟ್ಟಣಕ್ಕೆ ಗಿರಾಕಿಗಳು ಹೆಚ್ಚುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಸಭ್ಯರು ಗಟ್ಟಿಯಾಗಿ ಹೇಳುವುದಿಲ್ಲ. ಅದೇ ವಾಸನೆ. ಬಾಡಿಗೆ ಮನೆಯ ಫಲಕದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲನ್ನು ಈ ನಗರದಲ್ಲಿ ನೋಡದವರಿಲ್ಲ. ನಾವು ಈಗ ವಾಸಿಸುವ ವಸತಿ ಸಮುಚ್ಚಯದಲ್ಲಿ ಅಂಥ ನಿಷೇಧವೇನೂ ಇಲ್ಲ. ಆದರೆ ಕಳೆದ ವರ್ಷ ಲಿಫ್ಟಿನಲ್ಲಿ ಒಂದು ಪ್ರಕಟಣೆ ಅಂಟಿತ್ತು: ‘ತೀವ್ರ ವಾಸನೆಯ ಅಡುಗೆ’ ಮಾಡುವವರು ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಸಹಕರಿಸಬೇಕಾಗಿ ಕೋರಿಕೆ. ಯಾರ ಹೆಸರೂ ಇರಲಿಲ್ಲ. ಹಿಂದಿನ ದಿನ ಬಂಗುಡೆ ಹುರಿದಿದ್ದವರು ನಾವೊಬ್ಬರೇ. ಪ್ರಕಟಣೆಯ ಭಾಷೆಯನ್ನು ಆಡಳಿತ ನಡೆಸಿದವನಾಗಿ ನಾನು ಮೆಚ್ಚಲೇಬೇಕು: ಎಲ್ಲರಿಗೂ ಅನ್ವಯಿಸುವಂತೆ ಬರೆದು ಒಬ್ಬರನ್ನು ಮಾತ್ರ ಮುಟ್ಟುವ ಕಲೆ ಸುಲಭವಲ್ಲ. ನನ್ನ ಪತ್ನಿ ಏನೂ ಹೇಳಲಿಲ್ಲ. ಆದರೆ ಆಮೇಲೆ ಮೀನು ಹುರಿಯುವಾಗಲೆಲ್ಲ, ಸೆಕೆಯಿದ್ದರೂ, ಅಡುಗೆಮನೆಯ ಕಿಟಕಿಯನ್ನು ಅವಳು ಮುಚ್ಚುವುದನ್ನು ಕಂಡಿದ್ದೇನೆ. ಹಿಟ್ಟಿನ ಅಂಗಿ ತೊಟ್ಟ ಬಾಸಾಕ್ಕೆ ಕಿಟಕಿ ಮುಚ್ಚಬೇಕಾಗಿಲ್ಲ. ಮೀನು ತಿನ್ನುವವರು ಮೀನು ತಿನ್ನುವವರಂತೆ ಕಾಣದೆ ಬದುಕಲು ಈ ನಗರ ಮಾಡಿಕೊಟ್ಟ ರಾಜಿಯಂತೆ ಅದು ನನಗೆ ತೋರುತ್ತದೆ. ಕಿಲೋಗೆ 2,000 ರೂಪಾಯಿಯಲ್ಲಿ ಆ ರಾಜಿಯ ಶುಲ್ಕವೂ ಸೇರಿರಬಹುದು.

ಮಾಹಿತಿಯ ಪ್ರಶ್ನೆಗೆ ಬರುತ್ತೇನೆ. ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ಉದಾಹರಿಸಿ ಒಂದು ಲೇಖನ ಬರೆದ. ಅದು ಮುಂದೆ, 2001ರಲ್ಲಿ, ಅವನಿಗೆ ನೊಬೆಲ್ ತಂದುಕೊಟ್ಟ ಕೆಲಸಕ್ಕೆ ಬುನಾದಿಯಾಯಿತು. ವಸ್ತುವಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಆ ಮಾರುಕಟ್ಟೆಯಲ್ಲಿ ಒಳ್ಳೆಯ ವಸ್ತು ಕ್ರಮೇಣ ಮಾಯವಾಗುತ್ತದೆ ಎಂಬುದು ಅದರ ತಿರುಳು. ಮಲ್ಪೆಯ ಅಥವಾ ಗಂಗೊಳ್ಳಿಯ ಮೀನುಪೇಟೆಯಲ್ಲಿ ಈ ಸಮಸ್ಯೆಗೆ ಪರಿಹಾರ ಹಿಂದಿನಿಂದಲೂ ಇದೆ. ಕೊಳ್ಳುವವಳು ಕಿವಿರನ್ನು ಎತ್ತಿ ನೋಡುತ್ತಾಳೆ, ಕೆಂಪಗಿದೆಯೇ ಎಂದು; ಕಣ್ಣು ನೋಡುತ್ತಾಳೆ, ಉಬ್ಬಿದೆಯೇ ಎಂದು; ಬೆರಳಿನಿಂದ ಒತ್ತುತ್ತಾಳೆ, ಕುಳಿ ಉಳಿಯುತ್ತದೆಯೇ ಎಂದು. ಮಾರುವವಳಿಗೂ ಅವಳು ನಾಳೆ ಮತ್ತೆ ಬರುತ್ತಾಳೆಂಬ ಅರಿವಿದೆ. ಇಬ್ಬರ ನಡುವೆ ಜಗಳವಿದೆ, ಚೌಕಾಸಿಯಿದೆ, ಆದರೆ ಮೋಸಕ್ಕೆ ಅವಕಾಶ ಕಡಿಮೆ. ಪೊಟ್ಟಣದ ಮೀನಿಗೆ ಕಿವಿರಿಲ್ಲ, ಕಣ್ಣಿಲ್ಲ, ಒತ್ತಿದರೆ ಕಲ್ಲಿನಂತಿರುತ್ತದೆ. ಆ ಮೂರು ಪರೀಕ್ಷೆಗಳ ಜಾಗದಲ್ಲಿ ಉಳಿದಿರುವುದು ಭೂತಗನ್ನಡಿಯಲ್ಲಿ ಓದಬೇಕಾದ ನಾಲ್ಕು ಸಾಲು.

ಆದ್ದರಿಂದ ಆ ನಾಲ್ಕು ಸಾಲುಗಳನ್ನಾದರೂ ಓದುವಂತೆ ಮಾಡಿ ಎಂದು ಕೇಳುವುದು ಅತಿಯಾಸೆಯಲ್ಲ. ಯಾವ ಮೀನು, ಯಾವ ದೇಶದ್ದು, ಎಷ್ಟು ಭಾಗ ಎಂಬ ಮೂರು ಸಂಗತಿಗಳು ಪೊಟ್ಟಣದ ಮುಂಭಾಗದಲ್ಲಿ, ನಿಂಬೆಯ ಹೋಳಿಗೆ ಕೊಟ್ಟಷ್ಟೇ ಜಾಗದಲ್ಲಿ, ಕರ್ನಾಟಕದಲ್ಲಿ ಮಾರುವಾಗ ಕನ್ನಡದಲ್ಲಿಯೂ ಇರಬೇಕು. ನಾನು ನೋಡಿದ ಇನ್ನೊಂದು ಪೊಟ್ಟಣದ ಮುಂಭಾಗದಲ್ಲಿ ‘ಬಿಳಿ ಮೀನು’ ಎಂದಷ್ಟೇ ಇತ್ತು. ಇದು ‘ಒಳ್ಳೆಯ ಮನುಷ್ಯ’ ಎಂದು ಗುರುತಿನ ಚೀಟಿಯಲ್ಲಿ ಬರೆದಂತೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಮಹಾವಿದ್ಯಾಲಯವಿದೆ, ದೇಶದಲ್ಲಿಯೇ ಮೊದಲನೆಯದು. 1970ರಿಂದ ರಾಜ್ಯದ ಮೀನುಗಾರಿಕೆ ಅಭಿವೃದ್ಧಿ ನಿಗಮವಿದೆ. ಅದರ ಮತ್ಸ್ಯದರ್ಶಿನಿ ಉಪಾಹಾರ ಗೃಹಗಳಲ್ಲಿ ಬೆಂಗಳೂರಿನ ನೌಕರವರ್ಗ ಸಾಲುಗಟ್ಟಿ ನಿಂತು ಉಣ್ಣುತ್ತದೆ. ನಮ್ಮದೇ ಕಡಲಿನ ಮದಿಮಾಲ್‌ನಂಥ ಬಿಳಿ ಮಾಂಸದ ಅಗ್ಗದ ಮೀನನ್ನು ಮುಳ್ಳು ಬಿಡಿಸಿ, ರವೆಯ ಮೇಲುಹೊದಿಕೆಯಲ್ಲಿ ಇದೇ ಫ್ರೀಜರಿನಲ್ಲಿಡಲು ಬೇಕಾದ ವಿದ್ಯೆ ಇವರ ಬಳಿ ಇಲ್ಲವೆಂದು ಹೇಳಲಾಗದು. ರವೆ ಸವರಿ ಹುರಿಯುವುದನ್ನು ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವ 61 ದಿನಗಳಲ್ಲಿ, ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಕೈತುಂಬ ಕೆಲಸವಿಲ್ಲದಿರುವಾಗ, ಮೊದಲೇ ಹೆಪ್ಪುಗಟ್ಟಿಸಿಟ್ಟ ಮೀನಿನಿಂದ ಇಂಥ ಕೆಲಸ ನಡೆಸಬಹುದು. ಬೇಕಾದದ್ದು ವಿದ್ಯುತ್ತು ಮತ್ತು ಬಂಡವಾಳ; ಮೀನನ್ನು ಕೊಯ್ಯುವ ಕೈಗಳು ಅಲ್ಲಿ ಈಗಾಗಲೇ ಇವೆ.

ನಮ್ಮ ಮನೆಯಲ್ಲಿ ಪೊಟ್ಟಣದ ಮೀನು ಪೂರ್ತಿ ನಿಂತಿಲ್ಲ. ಬೆರಳುಗಳು ಹಟ ಹಿಡಿದ ವಾರಗಳಲ್ಲಿ ಅದು ಬರುತ್ತದೆ, ಮೊಮ್ಮಗ ಸಂತೋಷಪಡುತ್ತಾನೆ. ಉಳಿದ ವಾರಗಳಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿ, ಅಲ್ಲಿಯೇ ಕೊಯ್ದು ಸ್ವಚ್ಛ ಮಾಡಿಸಿಕೊಂಡು ಕಾಣೆ ತರುತ್ತೇನೆ; ಕೊಯ್ಯುವವನಿಗೆ ಬೇರೆ ಕೂಲಿ. ನನ್ನ ಪತ್ನಿ ಕುರ್ಚಿಯಲ್ಲಿ ಕುಳಿತು ಅರಿಸಿನ, ಮೆಣಸಿನ ಪುಡಿ, ಹುಣಿಸೆ ರಸದ ಅಳತೆ ಹೇಳುತ್ತಾಳೆ. ನಾನು ಸವರುತ್ತೇನೆ. ಮೊಮ್ಮಗನಿಗಾಗಿ ರವೆಯ ಬದಲು ಬೇಕರಿಯ ರಸ್ಕನ್ನು ಕುಟ್ಟಿ ಹೊರಳಿಸುತ್ತೇವೆ. ಕಳೆದ ಭಾನುವಾರ ಅವನು ಎರಡು ಕಾಣೆ ತಿಂದ. ನಡುವಿನ ಮುಳ್ಳನ್ನು ಬಾಲದಿಂದ ಹಿಡಿದು ಇಡಿಯಾಗಿ ಎಳೆಯುವುದನ್ನು ಅಜ್ಜಿ ತೋರಿಸಿಕೊಟ್ಟಳು. ಮೂರನೆಯ ಸಲಕ್ಕೆ ಅದು ತುಂಡಾಗದೆ ಬಂದಿತು.